ಗಾಲಿಯ ಮೇಲಿನ ಬೀರು

ಮನೆಯ ಗೋಡೆ ಇದ್ದಲ್ಲೇ ಇರುತ್ತದೆ. ಅದಕ್ಕೆ ಬಡಿದ ಹಲಗೆಯ ಮೇಲೆ ಡಬ್ಬಿ ಇಟ್ಟರೆ, ಬೆಕ್ಕು ಬೀಳಿಸದ ಹೊರತು, ಡಬ್ಬಿಯೂ ಇದ್ದಲ್ಲೇ ಇರುತ್ತದೆ. ಆದರೆ ಮನೆಯೇ ನಾಲ್ಕು ಗಾಲಿಯ ಮೇಲೆ ಊರೂರು ಸುತ್ತಲು ಹೊರಟರೆ ಅದರೊಳಗಿನ ಬೀರು ಹೇಗಿರಬೇಕು? ಈ ವಾರ ಅದರ ಸಮಾಚಾರ.

ಚನ್ನಪಟ್ಟಣದ ನಮ್ಮ ಬೀದಿಯ ತಾತ ನಲವತ್ತು ವರ್ಷ ಲೇತಿನ ಮುಂದೆ ಕೂತು ಬೊಂಬೆ ಕಡೆದವರು. ಹೋದ ವರ್ಷ ಅವರ ಮಗ ಒಂದು ಹಳೆಯ ವ್ಯಾನು ತಂದರು. ಒಳಗೆ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ. ಮೋಟಾರು ಕ್ಯಾರವಾನ್ ಎಂದೇ ನೋಂದಣಿಯಾದ ಗಾಡಿ ಅದು. (ಇದನ್ನು ಓದಿ ನಿಮ್ಮ ಅಪ್ಪ ಮನೆಯ ವ್ಯಾನಿನ ಸೀಟು ಕಳಚಲು ಹೊರಟರೆ ಸ್ವಲ್ಪ ತಡೆಯಿರಿ. ಗಾಡಿಯ ರೂಪ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವುದೇ ಇದಕ್ಕೆ.) ಹೊರದೇಶಗಳಲ್ಲಿ ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದೊಯ್ಯುವ ಮನೆಗಾಡಿಗಳೂ ಇವೆ. ಎರಡರಲ್ಲೂ ಜಾಗಕ್ಕೆ ಪರದಾಟ ಒಂದೇ.

ಎಲ್ಲರೂ ಖುಷಿಪಟ್ಟರು, ಅಜ್ಜಿ ಮಾತ್ರ ಬರುವುದಿಲ್ಲ ಅಂದರು. ಕಾರಣ ಕೇಳಿದರೆ ಮೊದಲು ಮಂಡಿನೋವು ಅಂದರು, ಆಮೇಲೆ ಮನೆ ಕಾಯೋರು ಯಾರು ಅಂದರು. ಕೊನೆಗೆ ಆರನೇ ಕ್ಲಾಸಿನ ಮೊಮ್ಮಗಳ ಹತ್ತಿರ ನಿಜ ಹೇಳಿದರು: "ಎಲ್ಲಿಗೆ ಹೋದ್ರೂ ನನ್ನ ಚೀಲ ಎಲ್ಲರ ಚೀಲದ ಕೆಳಗೆ ಹೋಗ್ಬಿಡುತ್ತೆ ಪುಟ್ಟಿ. ಒಂದು ಮಾತ್ರೆ ಬೇಕು ಅಂದ್ರೂ ಯಾರನ್ನಾದ್ರೂ ಕರೀಬೇಕು. ಕೊಡು ಕೊಡು ಅಂತ ಕೇಳಿಕೊಂಡು ಊರು ನೋಡೋದು ನನಗೆ ಬೇಡ."

ಆದ್ದರಿಂದ ಬೀರು ಮಾಡುವುದೆಂದು ತೀರ್ಮಾನವಾಯಿತು. ವ್ಯಾನಿನ ಹಿಂಭಾಗದಲ್ಲಿ ಎರಡಡಿ ಅಗಲದ ಒಂದು ಮೂಲೆ ಖಾಲಿ ಇತ್ತು.

ಕೆಲಸಕ್ಕೆ ಬಂದ ಆಚಾರ್ರು ಕನಕಪುರದ ಕಡೆಯವರು. ಅವರು ಟೇಪು ಹೊರತೆಗೆಯಲೇ ಇಲ್ಲ. "ಒಳಗೆ ಏನೇನು ಇಡ್ತೀರಿ, ತಂದು ತೋರ್ಸಿ" ಅಂದರು. ರೇಷ್ಮೆ ಸೀಮೆಯವರಿಗೆ ಇದು ರೂಢಿ. ಹುಳುಮನೆಯಲ್ಲಿ ತಟ್ಟೆಯ ಅಳತೆ ನೋಡಿ ಸ್ಟ್ಯಾಂಡು ಮಾಡುತ್ತಾರೆ. ಸ್ಟ್ಯಾಂಡು ಮೊದಲು ಮಾಡಿ ತಟ್ಟೆ ಹುಡುಕಿಕೊಂಡು ಹೋಗುವವರಿಲ್ಲ. ಇರುವೆ ಹತ್ತದಂತೆ ಅದರ ಕಾಲ ಕೆಳಗೆ ನೀರಿನ ಬಟ್ಟಲು ಇಡುವುದೂ ಅದೇ ಲೆಕ್ಕಾಚಾರದ ಭಾಗ. ಅಂಗಡಿಯಿಂದ ಸಿದ್ಧ ಬೀರು ತಂದು ತುರುಕುವವರು ಹುಳುಮನೆಯನ್ನು ಒಮ್ಮೆ ನೋಡಿ ಬಂದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಅಜ್ಜಿಯ ಸಾಮಾನು ಮಂಚದ ಮೇಲೆ ಹರಡಿತು. ಎರಡು ಸೀರೆ, ಒಂದು ಶಾಲು, ಮಾತ್ರೆ ಡಬ್ಬಿ, ಕನ್ನಡಕ, ಎಲೆಅಡಿಕೆ ಚೀಲ, ಜೊತೆಗೆ ಕಬ್ಬಿಣದ ಕುಟ್ಟಾಣಿ. ಈಗಿನ ಮಕ್ಕಳಿಗೆ ಕುಟ್ಟಾಣಿ ಗೊತ್ತಿರಲಿಕ್ಕಿಲ್ಲ, ನಿಮ್ಮ ಅಜ್ಜಿಯನ್ನು ಕೇಳಿ. ಹಲ್ಲು ಹೋದವರು ಎಲೆಅಡಿಕೆ ಕುಟ್ಟಿಕೊಳ್ಳುವ ಪುಟ್ಟ ಒರಳು. ಇಷ್ಟೇ ಇದ್ದರೂ ಇವರ ಮನೆಯದು ಒಂದು ಕಿಲೋ ತೂಗುತ್ತದೆ.

ಈಗ ಟೇಪು ಹೊರಬಂತು. ಆದರೆ ಮೊದಲು ಅಳೆದದ್ದು ಗೋಡೆಯನ್ನಲ್ಲ, ಅಜ್ಜಿಯನ್ನು! "ಅಜ್ಜಿ, ಕೈ ಎತ್ತು. ನೋವಾಗೋ ಮುಂಚೆ ನಿಲ್ಸು" ಅಂತ ಮೊಮ್ಮಗಳು ಹೇಳಿದಳು, ತಾತ ಬರೆದುಕೊಂಡರು. ಕೈ ಆರಾಮಾಗಿ ಏರಿದ್ದು ನೆಲದಿಂದ ನಾಲ್ಕು ಅಡಿ, ಬಗ್ಗದೆ ಇಳಿದದ್ದು ಎರಡು ಅಡಿ. ಈ ಎರಡಡಿಯ ನಡುವೆ ಬರುವ ಮೂರು ಗೂಡು ಅಜ್ಜಿಯವು. ಕುಕ್ಕರು, ಅಕ್ಕಿ ಚೀಲ ಎಲ್ಲ ತೀರ ಕೆಳಗೆ. ಭಾರ ಕೆಳಗಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಅವನ್ನು ಎತ್ತಿಕೊಡಲು ಮಗ ಇದ್ದಾರೆ.

ತೊಡಕು ಬಂದದ್ದು ಕುಟ್ಟಾಣಿಯಿಂದ. ಭಾರದ ಲೆಕ್ಕದಲ್ಲಿ ಅದು ಕೆಳಗೆ ಹೋಗಬೇಕು, ಅಜ್ಜಿಗೆ ಅದು ಕೈಗೇ ಸಿಗಬೇಕು.

ಇಲ್ಲಿ ಸ್ವಲ್ಪ ವಿಜ್ಞಾನ. ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಒಳಗಿನ ಕುಟ್ಟಾಣಿಯೂ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಬ್ರೇಕು ಹಾಕಿದಾಗ ನಿಲ್ಲುವುದು ಗಾಡಿ, ಕುಟ್ಟಾಣಿಗೆ ಬ್ರೇಕಿಲ್ಲ. ಹಿಡಿದುಕೊಳ್ಳುವುದು ಏನೂ ಇಲ್ಲದಿದ್ದರೆ ಅದು ಮುಂದಕ್ಕೆ ಹಾರುತ್ತದೆ. ನ್ಯೂಟನ್ ಹೇಳಿದ ಜಡತ್ವ ಇದೇ. 60ರ ವೇಗದ ಗಾಡಿ ನಾಲ್ಕು ಸೆಕೆಂಡಿನಲ್ಲಿ ನಿಂತರೆ, ಒಳಗಿನ ಪ್ರತಿ ಸಾಮಾನೂ ತನ್ನ ತೂಕದ ಶೇಕಡಾ 40ಕ್ಕಿಂತ ಹೆಚ್ಚು ಬಲದಿಂದ ಮುಂದಕ್ಕೆ ಒತ್ತುತ್ತದೆ. ಹತ್ತು ಕಿಲೋ ಅಕ್ಕಿ ಚೀಲ ಬೀರಿನ ಬಾಗಿಲನ್ನು ನಾಲ್ಕು ಕಿಲೋದಷ್ಟು ತಳ್ಳಿದ ಹಾಗೆ. ಮನೆಯ ಬೀರಿಗೆ ಕೆಳಗಿನ ಭಾರ ಮಾತ್ರ ಚಿಂತೆ, ಗಾಲಿಯ ಬೀರಿಗೆ ಮುಂದೆ, ಹಿಂದೆ, ಎಡ, ಬಲ ಎಲ್ಲವೂ ಚಿಂತೆಯೇ.

ಹಡಗಿನವರು ಇದನ್ನು ಹಿಂದೆಯೇ ಕಂಡುಕೊಂಡಿದ್ದರು. ಅಲ್ಲಿ ಹಲಗೆಯ ಅಂಚಿಗೆ ಎದ್ದು ನಿಲ್ಲುವ ಒಂದು ತಡೆಪಟ್ಟಿ ಇರುತ್ತದೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯರು ‘ವಾಂಡರರ್’ ಎಂಬ ಮನೆಗಾಡಿ ಕಟ್ಟಿಸಿ, ಎರಡು ಕುದುರೆ ಹೂಡಿ, ಹರಿಕೇನ್ ಬಾಬ್ ಎಂಬ ನಾಯಿಯನ್ನೂ ಹತ್ತಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಪ್ರವಾಸ ಹೋದರು. ಸುಮಾರು ಎರಡು ಟನ್ ಭಾರದ ಆ ಗಾಡಿಯನ್ನು ಅವರು ಕರೆದದ್ದು ನೆಲದ ಮೇಲಿನ ಹಡಗು ಎಂದೇ. ಮೊದಲು ನೌಕಾಪಡೆಯಲ್ಲಿ ವೈದ್ಯರಾಗಿದ್ದವರಲ್ಲವೇ!

ಕುಟ್ಟಾಣಿಗೆ ಬರೀ ತಡೆಪಟ್ಟಿ ಸಾಲದು. ಆಗ ತಾತ ಎದ್ದು ಲೇತಿನ ಮೇಲಿನ ಧೂಳು ಒರೆಸಿದರು. ಬೊಂಬೆ ಮಾಡುವ ಹಾಲೆ ಮರದ ಒಂದು ಒಣ ತುಂಡು ಆರಿಸಿ, ಕುಟ್ಟಾಣಿಯ ಬುಡ ಸರಿಯಾಗಿ ಕೂರುವ ಒಂದು ಆಳದ ಬಟ್ಟಲು ಕಡೆದರು. ಅದನ್ನು ಮಧ್ಯದ ಗೂಡಿನ ಹಲಗೆಗೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿದರು. ಕುಟ್ಟಾಣಿ ಅರ್ಧದಷ್ಟು ಒಳಗಿಳಿದು ಕೂತಿತು. ಮೇಲೊಂದು ಚರ್ಮದ ಪಟ್ಟಿ, ಅದಕ್ಕೊಂದು ಒತ್ತುಗುಂಡಿ.

ಉಳಿದ ಕೆಲಸ ಆಚಾರ್ರದು. ಅವರು 18 ಮಿಲಿಮೀಟರ್ ಪ್ಲೈವುಡ್ ಬೇಡವೇ ಬೇಡ ಅಂದರು. ಎಂಟಡಿಗೆ ನಾಲ್ಕಡಿಯ ಅಂಥ ಒಂದು ಹಾಳೆಯೇ ಮೂವತ್ತು ಕಿಲೋ ದಾಟುತ್ತದೆ, ಎರಡು ಹಾಕಿದರೆ ಇನ್ನೊಬ್ಬ ಆಳನ್ನು ದಿನವೂ ಹೊತ್ತು ತಿರುಗಿದಂತೆ. ಚೌಕಟ್ಟಿಗೆ 12, ಗೂಡುಗಳಿಗೆ 9 ಮಿಲಿಮೀಟರ್ ಸಾಕಾಯಿತು. ವ್ಯಾನಿನ ಗೋಡೆ ನೆಟ್ಟಗಿಲ್ಲ, ಮೇಲೆ ಹೋಗುತ್ತ ಒಳಕ್ಕೆ ಬಾಗುತ್ತದೆ. ಅದಕ್ಕೆ ಮೊಮ್ಮಗಳ ಕಂಪಾಸ್ ಬಾಕ್ಸಿನ ಕೈವಾರ ಉಪಯೋಗಕ್ಕೆ ಬಂತು. ಒಂದು ರಟ್ಟನ್ನು ಗೋಡೆಯ ಪಕ್ಕ ಹಿಡಿದು, ಕೈವಾರದ ಮುಳ್ಳನ್ನು ಗೋಡೆಯ ಮೇಲೆ ಜಾರಿಸುತ್ತ ಬಂದರೆ ಪೆನ್ಸಿಲು ರಟ್ಟಿನ ಮೇಲೆ ಅದೇ ಬಾಗು ಬರೆಯುತ್ತದೆ. ರಟ್ಟು ಕತ್ತರಿಸಿ, ಸರಿಯಾಗಿ ಕೂತದ್ದು ನೋಡಿ, ಆಮೇಲೆ ಮರಕ್ಕೆ ಗರಗಸ. ರಟ್ಟು ಕೆಟ್ಟರೆ ಇನ್ನೊಂದು ರಟ್ಟು, ಪ್ಲೈವುಡ್ ಕೆಟ್ಟರೆ ದುಡ್ಡು.

ರಸಮಟ್ಟವನ್ನು ಆಚಾರ್ರು ಚೀಲದಿಂದ ತೆಗೆಯಲಿಲ್ಲ. ಗಾಡಿ ನಿಂತಿದ್ದ ಬೀದಿಯೇ ಇಳಿಜಾರು, ಅಲ್ಲಿ ಗುಳ್ಳೆ ನಡುವೆ ಬಂದರೆ ಹಲಗೆ ಗಾಡಿಗೆ ಓರೆಯಾಗುತ್ತದೆ. ಎಲ್ಲ ಅಳತೆಯೂ ವ್ಯಾನಿನ ನೆಲದಿಂದಲೇ. ಸ್ಕ್ರೂ ಕೂಡ ತೆಳು ತಗಡಿಗಲ್ಲ, ಒಳಗಿನ ಉಕ್ಕಿನ ಪಟ್ಟಿಗಳಿಗೆ. ಅದೂ ಹಿಂದೆ ವೈರು ಹೋಗಿಲ್ಲವೆಂದು ನೋಡಿಕೊಂಡ ಮೇಲೆ.

ಬೀರು ಕೂತ ಮೇಲೆ ರಾಮನಗರದಿಂದ ಮಾಗಡಿಗೆ ಒಂದು ಪರೀಕ್ಷೆ ಓಡಾಟ. ರಸ್ತೆಯ ಹಂಪುಗಳು ಎಂದೂ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲ. ಅಜ್ಜಿ, ಮೊಮ್ಮಗಳು ಸೀಟಿಗೆ ಬೆಲ್ಟ್ ಹಾಕಿಕೊಂಡು ಕೂತು ಬರೀ ಕಿವಿಗೊಟ್ಟರು. ಟಿಣ್ ಟಿಣ್ ಅಂದದ್ದು ಲೋಟಗಳು, ನಡುವೆ ಹಳೆ ಸೀರೆಯ ತುಂಡು ಸೇರಿತು. ಕಿರ್ ಕಿರ್ ಅಂದದ್ದು ಪ್ಲೈವುಡ್ಡು ತಗಡಿಗೆ ಉಜ್ಜಿದ್ದು, ಅಲ್ಲಿಗೆ ರಬ್ಬರು. ಕುಟ್ಟಾಣಿಯ ಸದ್ದೇ ಇರಲಿಲ್ಲ.

ಕೊನೆಗೆ ಉಳಿದದ್ದು ಅಜ್ಜಿಯ ಮೂರು ಬಾಗಿಲಿನ ಹಿಡಿಗಳು. ಆಯಸ್ಕಾಂತದ ಚಿಲಕ ಹಂಪಿನಲ್ಲಿ ಬಿಟ್ಟುಕೊಳ್ಳಬಹುದೆಂದು, ತಿರುಗಿಸಿದರೆ ಹಿಂದಿನ ಪಟ್ಟಿ ಚೌಕಟ್ಟಿಗೆ ಸಿಕ್ಕಿಕೊಳ್ಳುವಂಥ ಗುಂಡಿಗಳನ್ನು ತಾತನೇ ಮಾಡಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ, ತಾಳೆ ಗರಿ ಒತ್ತಿ ಹಿಡಿದರೆ ಹೊಳಪು. ಮೊಮ್ಮಗಳು ಕೆಂಪು, ಹಳದಿ, ಹಸಿರು ಕೇಳಿದಳು. ತಾತ ಬಣ್ಣ ಕೊಟ್ಟರು, ಆದರೆ ಆಕಾರವನ್ನೂ ಬೇರೆ ಬೇರೆ ಮಾಡಿದರು. ಸೀರೆಯ ಗೂಡಿಗೆ ಗುಂಡು, ಕುಟ್ಟಾಣಿಗೆ ಬುಗುರಿ, ಮಾತ್ರೆಗೆ ಮೊಗ್ಗು. ಅಜ್ಜಿಗೆ ಕಣ್ಣಿನ ಪೊರೆ ಬಂದಿದೆಯಲ್ಲ.

ಮೊದಲ ಪ್ರವಾಸ ಕನಕಪುರದ ಆಚೆ, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಕಡೆಗೆ. ಆ ರಾತ್ರಿ ಗಾಡಿಯಲ್ಲೇ ಮಲಗಿದರು. ನಡುರಾತ್ರಿ ಅಜ್ಜಿ ಎದ್ದು ಕತ್ತಲಲ್ಲೇ ಮೊಗ್ಗು ತಡವಿ, ತಿರುಗಿಸಿ, ಮಾತ್ರೆ ತೆಗೆದುಕೊಂಡು ನೀರು ಕುಡಿದರು. ಯಾರಿಗೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ಅವರೇ ಹೇಳಿದ ಮೇಲೆ ಗೊತ್ತಾದದ್ದು.