ಗುರುತೂ ಬೇಕು, ಗೋಪ್ಯವೂ ಬೇಕು

ನಮ್ಮ ಭಾಗದ ಹಳೆಯ ಊರುಗಳಿಗೆ ಅಗಸಿ ಇರುತ್ತಿದ್ದುದನ್ನು ಹಿರಿಯರೆಲ್ಲರೂ ಬಲ್ಲರು. ಹೊತ್ತು ಮುಳುಗಿದ ಮೇಲೆ ಬಂದ ಹೊಸಬರನ್ನು ಅಗಸಿಯ ತಳವಾರನು "ಯಾರು? ಎಲ್ಲಿಂದ ಬಂದಿರಿ? ಯಾರ ಮನೆಗೆ?" ಎಂದು ಕೇಳುತ್ತಿದ್ದನೆಂದೂ, ಆ ಮನೆಯವರು ಹೌದೆಂದರೆ ಒಳಗೆ ಬಿಡುತ್ತಿದ್ದನೆಂದೂ ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಬಂದವರ ಗಂಟಿನಲ್ಲಿ ಏನಿದೆಯೆಂಬುದು ಅವನಿಗೆ ಬೇಕಾಗಿರಲಿಲ್ಲ. ಅಂತರ್ಜಾಲದಲ್ಲಿ ಹೊಸ ಖಾತೆಯನ್ನು ತೆರೆಯುವ ಸ್ಥಳವೂ ಒಂದು ಅಗಸಿಯೇ. ಅಲ್ಲಿ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬ ಪ್ರಶ್ನೆಯು ಈ ಸ್ಮರಣ ಸಂಚಿಕೆಯ ಸಿದ್ಧತೆಯ ಕಾಲದಲ್ಲಿ ನಮ್ಮ ಶಾಲೆಯ ಅಂಗಳಕ್ಕೂ ಬಂದು ನಿಂತಿತು.

ಹಳೆಯ ವಿದ್ಯಾರ್ಥಿಗಳನ್ನು ಅಂತರ್ಜಾಲದ ಮೂಲಕ ನೋಂದಾಯಿಸಿಕೊಳ್ಳಬೇಕೆಂದು ನಿಶ್ಚಯವಾದಾಗ, ನಮೂನೆಯ ಭಾಷೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು. ಕರಡಿನಲ್ಲಿ ಹೆಸರು ಮತ್ತು ಶಾಲೆ ಬಿಟ್ಟ ವರ್ಷಗಳ ಜೊತೆಗೆ ಜನ್ಮದಿನಾಂಕ, ಮನೆಯ ವಿಳಾಸ, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ, ವಾರ್ಷಿಕ ಆದಾಯ ಮೊದಲಾಗಿ ಹದಿನಾಲ್ಕು ಕಲಮುಗಳಿದ್ದವು. ಇಷ್ಟೆಲ್ಲ ಏತಕ್ಕೆಂದು ಕೇಳಿದೆನು. "ಗುರುಗಳೇ, ಹೋದ ಸಲ ಏನನ್ನೂ ಕೇಳದೆ ಬಿಟ್ಟಿದ್ದೆವು. ಒಂದೇ ವಾರದಲ್ಲಿ ನಮ್ಮ ಹುಡುಗರಿಗಿಂತ ಸಾಲ ಕೊಡುತ್ತೇವೆನ್ನುವವರೂ ಬಹುಮಾನ ಬಂದಿದೆಯೆನ್ನುವವರೂ ಹೆಚ್ಚಾಗಿ ಸೇರಿಕೊಂಡರು" ಎಂದರು ತರುಣ ಶಿಕ್ಷಕರು. ಅವರು ಹೇಳಿದ ರೋಗ ನಿಜವಾದುದು. ಆದರೆ ಅವರು ತಂದ ಮದ್ದು ಆ ರೋಗದ್ದು ಹೌದೇ ಎಂಬುದೇ ನನ್ನ ಸಂದೇಹ.

ಈ ಸಂದೇಹಕ್ಕೆ ಆಧಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಆಳಂದದಲ್ಲಿಯೇ ಅದು ದೊರೆಯುತ್ತದೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಮುನ್ನ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕಬೇಕೆಂದು ಕೋರಿ ನಮೂನೆ 7ರಲ್ಲಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರನ್ನೇ ತೆಗೆಯಬೇಕೆಂಬ ಅರ್ಜಿಯನ್ನು ಕಂಡು ಬೆರಗಾದರು. ಅರ್ಜಿದಾರರೆಂದು ನಮೂದಾಗಿದ್ದ ಅದೇ ಊರಿನವರಿಗೆ ಆ ವಿಷಯವೇ ತಿಳಿದಿರಲಿಲ್ಲ. ಮುಂದೆ ಪರಿಶೀಲನೆ ನಡೆದಾಗ 24 ಅರ್ಜಿಗಳು ಮಾತ್ರ ಸರಿಯೆಂದು ಕಂಡುಬಂದು, ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಆಳಂದ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ಅಪರಾಧಿಗಳು ಯಾರೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ರಾಜಕೀಯ ಪಕ್ಷಗಳ ವಾದವಿವಾದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ನಾವು ಇಲ್ಲಿ ನೋಡಬೇಕಾದುದು ಅಗಸಿಯ ಬಾಗಿಲನ್ನು ಮಾತ್ರ.

ಆ ಬಾಗಿಲಿನಲ್ಲಿ ಏನನ್ನೂ ಕೇಳುತ್ತಿರಲಿಲ್ಲವೆ? ಕೇಳುತ್ತಿದ್ದರು. ಮೊಬೈಲ್ ಸಂಖ್ಯೆಯನ್ನು ಕೇಳುತ್ತಿದ್ದರು, ಅದಕ್ಕೆ ಓಟಿಪಿ ಬರುತ್ತಿತ್ತು. ಮತದಾರರ ಗುರುತಿನ ಚೀಟಿಯ ಸಂಖ್ಯೆಯನ್ನೂ ಕೇಳುತ್ತಿದ್ದರು. ಆದರೆ ಆ ಮೊಬೈಲ್ ಆ ಚೀಟಿಯ ಒಡೆಯನದೇ ಹೌದೇ ಎಂದು ಹೊಂದಿಸಿ ನೋಡುವ ಏರ್ಪಾಡು ಇರಲಿಲ್ಲ. ಮತದಾರರ ಪಟ್ಟಿಯಾದರೋ ಸಾರ್ವಜನಿಕ ದಾಖಲೆ. ಅದರಲ್ಲಿಯ ಹೆಸರೂ ಸಂಖ್ಯೆಯೂ ಬಯಸಿದವರಿಗೆ ದೊರೆಯುತ್ತವೆ. ಎಲ್ಲರ ಕೈಗೂ ಸಿಗುವ ವಿವರವು ಒಬ್ಬನ ಗುರುತಿಗೆ ಸಾಕ್ಷಿಯಾಗಲಾರದು. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನೂ, ಅದೇ ಕಥೆಯನ್ನು ಆಧರಿಸಿ 1823ರಲ್ಲಿ ಕೆಂಪುನಾರಾಯಣನು ಕನ್ನಡದಲ್ಲಿ ರಚಿಸಿದ ‘ಮುದ್ರಾಮಂಜೂಷ’ವನ್ನೂ ಓದಿದವರು ಈ ತಂತ್ರವನ್ನು ಬಲ್ಲರು. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರಿದೊಡನೆ, ರಾಕ್ಷಸನು ಬರೆಯದ ಪತ್ರವು ರಾಕ್ಷಸನ ಪತ್ರವಾಯಿತು. ಮುದ್ರೆಯನ್ನು ನೋಡಿದವರು ಕೈಯನ್ನು ನೋಡಲಿಲ್ಲ. ಕೇಳುವುದು ಬೇರೆ, ಪರೀಕ್ಷಿಸುವುದು ಬೇರೆ ಎಂಬುದೇ ಆಳಂದದ ಮೊದಲನೆಯ ಪಾಠ.

ಚುನಾವಣಾ ಆಯೋಗವು 2025ರ ಸೆಪ್ಟೆಂಬರಿನಲ್ಲಿ ಇಂತಹ ಆನ್‌ಲೈನ್ ಅರ್ಜಿಗಳಿಗೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂಲಕ ಇ-ಸಹಿ ಮಾಡುವ ಕ್ರಮವನ್ನು ತಂದಿತು. ಇನ್ನೊಬ್ಬರ ಮತದ ಹಕ್ಕಿಗೇ ಕುತ್ತು ತರಬಲ್ಲ ಅರ್ಜಿಗೆ ಇಷ್ಟು ಬಿಗಿಯಾದ ಗುರುತು ನ್ಯಾಯವೇ ಆಗಿದೆ. ಆದರೂ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗಿ ಬರುವ, ವರ್ಷಕ್ಕೊಮ್ಮೆ ಮೊಬೈಲ್ ಸಂಖ್ಯೆ ಬದಲಾಗುವ ನಮ್ಮ ಕೂಲಿಕಾರರನ್ನು ನೆನೆದರೆ, ಕಾಗದದ ಅರ್ಜಿಯ ಹಾದಿಯೂ ತೆರೆದಿರಲೇಬೇಕೆಂದು ತೋರುತ್ತದೆ. ಇನ್ನೊಂದು ಮಾತನ್ನು ಮರೆಯಬಾರದು: ಆ 5,994 ಹೆಸರುಗಳನ್ನು ಉಳಿಸಿದ್ದು ಯಾವ ಸಂಖ್ಯೆಯೂ ಅಲ್ಲ, ಇದೇನೆಂದು ಕೇಳಿದ ಮನುಷ್ಯರು, ಮತ್ತು ವಿಚಾರಿಸದೆ ಯಾರ ಹೆಸರನ್ನೂ ತೆಗೆಯಬಾರದೆಂಬ ನಿಯಮ.

ಆಳಂದದ ಸಂಗತಿಯನ್ನು ಕೇಳಿದವರು, "ಹಾಗಾದರೆ ಎಲ್ಲ ಕಡೆಯೂ ಎಲ್ಲರ ಆಧಾರ್ ಪಡೆದುಬಿಟ್ಟರಾಯಿತು, ಪ್ರಾಮಾಣಿಕನಿಗೆ ಮುಚ್ಚಿಡುವುದೇನಿದೆ?" ಎನ್ನುವುದುಂಟು. ಈ ಮಾತಿಗೆ ಉತ್ತರವನ್ನು ಕನ್ನಡ ನಾಡಿನವರೊಬ್ಬರೇ ದೊರಕಿಸಿಕೊಟ್ಟಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಉದ್ದೇಶಕ್ಕೆ ಅಗತ್ಯವಾದಷ್ಟು ವಿವರಕ್ಕೆ ಮಾತ್ರ ಸಮ್ಮತಿಯು ಅನ್ವಯಿಸುವುದೆಂಬ ತತ್ತ್ವವನ್ನು ಅಂಗೀಕರಿಸಿದೆ. ಮನೆಗೆ ಕದ ಇರುವುದು ಒಳಗೆ ಕಳವಿನ ಮಾಲು ಇದೆಯೆಂದಲ್ಲ, ಅದು ಮನೆಯೆಂದು. ನಮ್ಮ ಶಾಲೆಯಲ್ಲಿ ಓದಿ, ಮದುವೆಯಾಗಿ ಪರಸ್ಥಳದಲ್ಲಿರುವ ಹೆಣ್ಣುಮಗಳೊಬ್ಬಳ ಮೊಬೈಲ್ ಸಂಖ್ಯೆಯು ನಮ್ಮ ಅಜಾಗರೂಕತೆಯಿಂದ ಹತ್ತು ಅಪರಿಚಿತರ ಕೈಸೇರಿದರೆ, ಅವಳು ಪಡುವ ತೊಂದರೆಗೆ ನಾವು ಯಾವ ಉತ್ತರವನ್ನು ಹೇಳೋಣ?

ಗೋಪ್ಯತೆಯನ್ನು ಕಾಯುವುದೂ ನಕಲಿ ಖಾತೆಯನ್ನು ತಡೆಯುವುದೂ ತಕ್ಕಡಿಯ ಎರಡು ತಟ್ಟೆಗಳೆಂದು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ವಿಚಾರ ಮಾಡಿದರೆ ಅದು ಪೂರ್ತಿ ಸರಿಯಲ್ಲ. ನಕಲಿ ಖಾತೆಯನ್ನು ತೆರೆಯುವವನಿಗೆ ಬೇಕಾದ ಬಂಡವಾಳವೇ ಪರರ ಹೆಸರು, ಜನ್ಮದಿನಾಂಕ, ಸಂಖ್ಯೆ. ನಾವು ಅಗತ್ಯವಿಲ್ಲದೆ ಕೂಡಿಟ್ಟ ಪ್ರತಿಯೊಂದು ವಿವರವೂ ಸೋರಿದ ದಿನ ಅವನ ಕಣಜ ತುಂಬುತ್ತದೆ. ಆದ್ದರಿಂದ ಕಡಿಮೆ ಕೂಡಿಡುವುದು ಗೋಪ್ಯತೆಗೆ ಮಾತ್ರವಲ್ಲದೆ, ಮೋಸವನ್ನು ತಡೆಯುವುದಕ್ಕೂ ಸಾಧನವಾಗಿದೆ.

ಹಾಗೆಂದು ಏನನ್ನೂ ಕೇಳಬಾರದೆಂದಲ್ಲ. ಕಾವಲಿಲ್ಲದ ಹೊಲಕ್ಕೆ ದನ ನುಗ್ಗುವುದು ಸಹಜ. ಬಂದವನು ಮನುಷ್ಯನೋ ಯಂತ್ರವೋ ಎಂದು ತಿಳಿಯಲು ವಕ್ರಾಕ್ಷರಗಳನ್ನು ಓದಿಸುವ ಕ್ಯಾಪ್ಚಾ ಎಂಬ ಪರೀಕ್ಷೆಯೊಂದಿದೆ. ಅದು ಹೆಸರನ್ನು ಕೇಳದೆಯೇ ಯಂತ್ರವನ್ನು ತಡೆಯುವುದರಿಂದ ಒಳ್ಳೆಯದೇ. ಆದರೆ ಕಣ್ಣಿಲ್ಲದ ನಮ್ಮ ಹಳೆಯ ವಿದ್ಯಾರ್ಥಿಯು ಆ ಅಕ್ಷರಗಳನ್ನು ಹೇಗೆ ಓದಬೇಕು? ಅವನಿಗೆ ಕಿವಿಯಿಂದ ಕೇಳುವ ಬೇರೊಂದು ದಾರಿ ಇರಬೇಕು. ಒಟ್ಟಿನಲ್ಲಿ, ಪರರಿಗೆ ಆಗಬಹುದಾದ ಹಾನಿ ಎಷ್ಟೋ ಕೇಳುವ ಗುರುತೂ ಅಷ್ಟೇ ಇರತಕ್ಕದ್ದು. ಮತದ ಹಕ್ಕಿಗೆ ಒಂದು ಅಳತೆ, ಸ್ನೇಹಕೂಟದ ಯಾದಿಗೆ ಇನ್ನೊಂದು ಅಳತೆ.

ಈ ಅಳತೆಯಿಂದ ನಮ್ಮ ನಮೂನೆಯನ್ನು ನೋಡೋಣ. ಹೆಸರು, ತಂದೆ ಅಥವಾ ತಾಯಿಯ ಹೆಸರು, ಶಾಲೆ ಬಿಟ್ಟ ವರ್ಷ, ಸಂಪರ್ಕಕ್ಕೊಂದು ಮೊಬೈಲ್ ಸಂಖ್ಯೆ, ಇವು ನಾಲ್ಕೇ ಸಾಕು. ಇವನ್ನು ಪರೀಕ್ಷಿಸಲು ಯಾವ ಸರ್ಕಾರದ ಕಡತವೂ ಬೇಡ. ನಮ್ಮ ಕಪಾಟಿನಲ್ಲಿಯೇ ಶಾಲೆಯ ದಾಖಲಾತಿ ವಹಿ ಇದೆ. ಅದರೊಂದಿಗೆ ಹೊಂದಿಸಿ ನೋಡಿ, ಸಂದೇಹ ಬಂದಲ್ಲಿ ಆ ವರ್ಷದ ಶಿಕ್ಷಕರನ್ನೋ ಇಬ್ಬರು ಸಹಪಾಠಿಗಳನ್ನೋ ವಿಚಾರಿಸಿದರೆ, ಸಾಲ ಕೊಡುವೆನೆಂದು ಬಂದವನು ಅಗಸಿಯಲ್ಲಿಯೇ ನಿಲ್ಲುವನು. ಮೊಬೈಲ್ ಸಂಖ್ಯೆಯು ಯಾದಿಯಲ್ಲಿ ಅಚ್ಚಾಗಬಾರದು. ಒಡೆಯರ ಒಪ್ಪಿಗೆಯಿಲ್ಲದೆ ಮತ್ತೊಬ್ಬರಿಗೆ ಕೊಡಲೂಬಾರದು. ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿಯನ್ನು ಬಯಸುವ ದಾನಿಗಳಿಂದ ಪ್ಯಾನ್‌ನಂತಹ ಗುರುತಿನ ಸಂಖ್ಯೆಯೊಂದನ್ನು ಪಡೆಯುವುದು ಅನಿವಾರ್ಯ. ಆದರೆ ಅದು ಲೆಕ್ಕಪತ್ರದ ಕಪಾಟಿನಲ್ಲಿರಬೇಕೇ ಹೊರತು ಎಲ್ಲರೂ ತೆರೆಯುವ ಯಾದಿಯಲ್ಲಿ ಅಲ್ಲ. ನೂರು ನೋಂದಣಿಗಳನ್ನು ಹೀಗೆ ಕೈಯಿಂದ ಪರಿಶೀಲಿಸುವುದು ಶ್ರಮವೆಂದು ಹೇಳಬಹುದು. ಶ್ರಮವೇ ಸರಿ. ಆದರೆ ಆ ಶ್ರಮವನ್ನು ನಾವು ವಹಿಸದೆ ಹದಿನಾಲ್ಕು ಕಲಮುಗಳ ಭಾರವನ್ನು ವಿದ್ಯಾರ್ಥಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಚರ್ಚೆಯ ಕೊನೆಗೆ ಆ ತರುಣ ಶಿಕ್ಷಕರೇ ಹತ್ತು ಕಲಮುಗಳಿಗೆ ಅಡ್ಡಗೆರೆ ಎಳೆದರು. ಉಳಿದ ನಾಲ್ಕರ ಕೆಳಗೆ, "ಈ ವಿವರಗಳನ್ನು ಶಾಲೆಯು ಬೇರಾವ ಕಾರ್ಯಕ್ಕೂ ಬಳಸುವುದಿಲ್ಲ" ಎಂಬ ಒಂದು ಸಾಲನ್ನು ನಾನು ಸೇರಿಸಿದೆನು. ಅಕ್ಷರ ಕಲಿಸಿದ ಗುರುಗಳ ಮೇಲಿನ ನಂಬಿಕೆಯಿಂದಲೇ ಹಳೆಯ ವಿದ್ಯಾರ್ಥಿಯು ನಮಗೆ ತನ್ನ ವಿವರವನ್ನು ಬರೆದುಕೊಡುತ್ತಾನೆ. ಆ ಸಾಲನ್ನು ನಡೆಸಿಕೊಡುವ ಹೊಣೆ ಇನ್ನು ಮುಂದೆ ಶಾಲೆಯದು.