ಕಟ್ಟಡದಲ್ಲಿ ಮೇಲಿಂದ ಕೆಳಗಿನವರೆಗೆ ಸೀಳು: ಇದು ಬಿರುಕೇ, ಬೇಕೆಂದೇ ಬಿಟ್ಟ ಸಂದೇ?

‘ಅಪಾರ್ಟ್‌ಮೆಂಟ್ ಎರಡು ಭಾಗವಾಗಿ ಸೀಳಿದೆ, ಎಲ್ಲರಿಗೂ ತಿಳಿಸಿ’ ಎಂಬಂಥ ಫೋಟೊ ನಿಮ್ಮ ಗ್ರೂಪಿಗೂ ಬಂದಿರಬಹುದು. ತಾರಸಿಯಿಂದ ಕೆಳಗಿನವರೆಗೆ ನೇರವಾದ ಸಂದು ಕಂಡರೆ ಗಾಬರಿಯಾಗುವುದು ಸಹಜ. ಆದರೆ ದಾರ ಹಿಡಿದು ಗೆರೆ ಎಳೆದಂತೆ ನೇರವಾಗಿರುವ ಸಂದು ಎಂಜಿನಿಯರ್‌ಗಳು ಬೇಕೆಂದೇ ಬಿಟ್ಟ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದು ಇರುವುದರಿಂದ ಅಪಾಯವಿಲ್ಲ. ಹೆದರಿ ಅದನ್ನು ಸಿಮೆಂಟಿನಿಂದ ಮುಚ್ಚಿಸಿದರೆ ಮಾತ್ರ ತೊಂದರೆ ಶುರುವಾಗುತ್ತದೆ.

ಸಂದು ಏಕೆ ಬೇಕು?

ಫ್ಲೈಓವರ್ ಮೇಲೆ ಹೋಗುವಾಗ ಚಕ್ರದ ಕೆಳಗೆ ‘ಟಕ್ ಟಕ್’ ಸದ್ದು ಕೇಳಿರುತ್ತೀರಿ. ಅಲ್ಲಿರುವುದೂ ಇಂಥದೇ ಸಂದು. ಕಾಂಕ್ರೀಟ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 10 ಮೀಟರ್ ಉದ್ದದ ಕಾಂಕ್ರೀಟ್ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ.

ಇದು ಸಣ್ಣ ಅಳತೆ ಎನಿಸಬಹುದು. ಆದರೆ 45 ಮೀಟರ್ ಉದ್ದದ ತಾರಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಚಳಿಗಾಲದ ಬೆಳಗಿನ ಜಾವಕ್ಕೂ ಬೇಸಿಗೆಯ ಮಧ್ಯಾಹ್ನಕ್ಕೂ ಅದರ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸವಾದರೆ ಉದ್ದ 13 ಮಿಲಿಮೀಟರ್‌ಗಿಂತ ಹೆಚ್ಚು ಬದಲಾಗುತ್ತದೆ. ಕಂಬ, ಗೋಡೆಗಳು ಈ ಚಲನೆಯನ್ನು ತಡೆದಾಗ ಒತ್ತಡ ಉಂಟಾಗುತ್ತದೆ. ಕಾಂಕ್ರೀಟ್ ಅದುಮುವ ಬಲವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಎಳೆಯುವ ಬಲವನ್ನು ಅದರ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಕುಗ್ಗಲು ಜಾಗವಿಲ್ಲದಾಗ ಅದು ಬಿರಿಯುತ್ತದೆ.

ಯಾವ ಕಟ್ಟಡಕ್ಕೆ ಬೇಕು?

ಭಾರತೀಯ ಮಾನಕ ಐಎಸ್ 456:2000 ಪ್ರಕಾರ 45 ಮೀಟರ್‌ಗಿಂತ, ಅಂದರೆ ಸುಮಾರು 148 ಅಡಿಗಿಂತ ಉದ್ದದ ಕಾಂಕ್ರೀಟ್ ಕಟ್ಟಡಗಳಿಗೆ ಸಾಮಾನ್ಯವಾಗಿ ಒಂದು ಅಥವಾ ಹೆಚ್ಚು ಜಾಯಿಂಟ್ ಕೊಡಬೇಕು. ‘ಎಲ್’ ಅಥವಾ ‘ಯು’ ಆಕಾರದ ಕಟ್ಟಡಗಳಲ್ಲಿ ತಿರುವಿನ ಬಳಿ, ಎತ್ತರದ ಭಾಗ ಮತ್ತು ತಗ್ಗಿನ ಭಾಗ ಸೇರುವ ಕಡೆಯೂ ಇದು ಬೇಕಾಗಬಹುದು. 30x40 ಸೈಟಿನಲ್ಲಿ ಕಟ್ಟುವ ಮನೆಯ ಉದ್ದ ಹೆಚ್ಚೆಂದರೆ 12 ಮೀಟರ್. ಅಂಥ ಮನೆಯೊಳಗೆ ಇದರ ಅಗತ್ಯ ಬರುವುದಿಲ್ಲ.

ಹೇಗೆ ಕೊಡುತ್ತಾರೆ?

ಗೋಡೆಯಲ್ಲಿ ಗೀರು ಹಾಕಿದರೆ ಜಾಯಿಂಟ್ ಆಗುವುದಿಲ್ಲ. ಸಂದಿನ ಎರಡೂ ಬದಿಗೆ ಬೇರೆ ಬೇರೆ ಕಂಬ, ಬೀಮ್ ಇರಬೇಕು. ಸ್ಲ್ಯಾಬ್, ಗೋಡೆ, ಪ್ಲಾಸ್ಟರ್, ಟೈಲ್ಸ್ ಎಲ್ಲವೂ ಅಲ್ಲಿ ತುಂಡಾಗಬೇಕು, ಒಂದೇ ಒಂದು ಕಬ್ಬಿಣದ ಸರಳೂ ದಾಟಬಾರದು. ನೆಲದೊಳಗೆ ಬಿಸಿಯ ಏರಿಳಿತ ಕಡಿಮೆ, ಆದ್ದರಿಂದ ಪಾಯವನ್ನು ಸಾಮಾನ್ಯವಾಗಿ ತುಂಡು ಮಾಡುವುದಿಲ್ಲ. ಎರಡು ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಸಿಯುವ ಸಾಧ್ಯತೆ ಇದ್ದರೆ ಮಾತ್ರ ಪಾಯವೂ ಬೇರೆಯಾಗಬೇಕು.

ಸಂದಿನೊಳಗೆ ಅದುಮಿದರೆ ಕುಗ್ಗುವ ಮೆತ್ತನೆಯ ಬೋರ್ಡ್, ಹೊರಬಾಯಿಗೆ ರಬ್ಬರಿನಂತೆ ಎಳೆದರೆ ಹಿಗ್ಗುವ ಸೀಲಂಟ್ ಹಾಕುತ್ತಾರೆ. ಮೇಲೆ ಮುಚ್ಚುವ ಅಲ್ಯೂಮಿನಿಯಂ ಪಟ್ಟಿಗೆ ಒಂದೇ ಬದಿಯಲ್ಲಿ ಸ್ಕ್ರೂ ಹಾಕಬೇಕು. ಎರಡೂ ಕಡೆ ಬಿಗಿದರೆ ಪಟ್ಟಿ ಕಿತ್ತುಬರುತ್ತದೆ.

ಸಿಮೆಂಟ್ ತುಂಬಿದರೆ?

ಮಳೆಗಾಲದಲ್ಲಿ ಜಾಯಿಂಟ್‌ನಿಂದ ನೀರು ಸೋರಿದಾಗ ‘ಸಿಮೆಂಟ್ ಹಾಕಿಬಿಡಿ’ ಎನ್ನುವವರು ಸಿಗುತ್ತಾರೆ. ಗಟ್ಟಿಯಾದ ಸಿಮೆಂಟ್ ಕುಗ್ಗುವುದಿಲ್ಲ. ಬೇಸಿಗೆಯಲ್ಲಿ ಎರಡೂ ಭಾಗಗಳು ಅದನ್ನು ಅದುಮಿ ಅಕ್ಕಪಕ್ಕದ ಪ್ಲಾಸ್ಟರ್ ಏಳುತ್ತದೆ, ಚಳಿಗಾಲದಲ್ಲಿ ಅಲ್ಲೇ ಬಾಯಿ ಬಿಟ್ಟು ಮತ್ತೆ ಸೋರುತ್ತದೆ. ಹಳೆಯ ಸೀಲಂಟ್ ತೆಗೆದು ಹೊಸದು ಹಾಕಿಸುವುದೇ ಸರಿಯಾದ ದಾರಿ, ಏಕೆಂದರೆ ಬಿಸಿಲು ಮಳೆಗೆ ಅದು ಹಾಳಾಗುತ್ತಲೇ ಇರುತ್ತದೆ.

ಭೂಕಂಪದಲ್ಲಿ ಈ ಸಂದಿಗೆ ಇನ್ನೊಂದು ಕೆಲಸವಿದೆ. ಎರಡು ಭಾಗಗಳೂ ಬೇರೆ ಬೇರೆ ರೀತಿ ತೂಗಾಡುತ್ತವೆ. ನಡುವೆ ಸಾಕಷ್ಟು ಜಾಗವಿಲ್ಲದಿದ್ದರೆ ಒಂದಕ್ಕೊಂದು ಗುದ್ದುತ್ತವೆ. 1985ರ ಮೆಕ್ಸಿಕೊ ಸಿಟಿ ಭೂಕಂಪದಲ್ಲಿ ಅಕ್ಕಪಕ್ಕದ ಕಟ್ಟಡಗಳು ಹೀಗೆ ಗುದ್ದಿಕೊಂಡು ಹಾನಿಗೊಂಡಿದ್ದವು. ಕಟ್ಟಡ ಎತ್ತರವಾದಷ್ಟೂ ಸಂದು ಅಗಲವಾಗಿರಬೇಕು.

ಗುರುತಿಸುವುದು ಹೇಗೆ?

• ಜಾಯಿಂಟ್: ನೇರ ಗೆರೆ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ಎಲ್ಲ ಮಹಡಿಗಳಲ್ಲೂ ಒಂದೇ ಜಾಗ, ಎರಡೂ ಬದಿ ಜೋಡಿ ಕಂಬ.
• ಬಿರುಕು: ಓರೆ ಅಥವಾ ಅಂಕುಡೊಂಕು, ಒಂದು ಕಡೆ ಅಗಲ ಮತ್ತೊಂದು ಕಡೆ ಕಿರಿದು, ದಿನ ಕಳೆದಂತೆ ಬೆಳೆಯಬಹುದು.

ಕಂಬ, ಬೀಮ್‌ಗಳಲ್ಲಿ ಬಿರುಕು ಕಂಡರೆ, ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಜಾಯಿಂಟ್‌ನ ಒಂದು ಬದಿ ಇನ್ನೊಂದಕ್ಕಿಂತ ತಗ್ಗಿದರೆ ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿ. ಫೋಟೊ ನೋಡಿ ಕಟ್ಟಡ ಬೀಳುತ್ತದೆ ಎನ್ನುವುದೂ ಸರಿಯಲ್ಲ, ನಿಜವಾದ ಬಿರುಕನ್ನು ‘ಜಾಯಿಂಟ್ ಇರಬೇಕು ಬಿಡಿ’ ಎಂದು ಕಡೆಗಣಿಸುವುದೂ ಸರಿಯಲ್ಲ. ಮುಂದಿನ ಸಲ ಅಂಥ ಫೋಟೊ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಗೆರೆ ನೇರವಿದೆಯೇ ಎಂದು ಒಮ್ಮೆ ನೋಡಿ.