ಒಂದು ಅಂಕದ ಪ್ರಶ್ನೆಯೂ ಟೆಲಿಫೋನೂ

'ಟೆಲಿಫೋನ್ ಕಂಡುಹಿಡಿದವರು ಯಾರು?' ಎಂದರೆ ನಮ್ಮ ಮಕ್ಕಳು ಒಂದೇ ಉಸಿರಿಗೆ 'ಗ್ರಹಾಂ ಬೆಲ್' ಎನ್ನುತ್ತಾರೆ. ಒಂದು ಅಂಕವೂ ಸಿಗುತ್ತದೆ. ಅಲ್ಲಿಗೇ ಪಾಠ ಮುಗಿಯಬಾರದು ಎಂಬುದು ನನ್ನ ಅಭಿಪ್ರಾಯ.

1861ರಲ್ಲೇ ಜರ್ಮನಿಯ ಶಾಲಾ ಶಿಕ್ಷಕ ಫಿಲಿಪ್ ರೈಸ್ ತಂತಿಯ ಮೂಲಕ ಸಂಗೀತ ಕೇಳಿಸಿದ್ದರು. ಇಟಲಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ಆಂಟೋನಿಯೋ ಮೆಯುಚ್ಚಿ 1871ರಲ್ಲಿ ತಮ್ಮ ಮಾತಿನ ತಂತಿಯ ಬಗ್ಗೆ ಪೇಟೆಂಟ್ ಕಚೇರಿಗೆ ಮುಂಗಡ ನೋಟೀಸು ಕೊಟ್ಟಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದ ಆ ಬಡವರಿಂದ 1874ರ ನಂತರ ಅದನ್ನು ನವೀಕರಿಸಲು ಆಗಲಿಲ್ಲ. ಶುಲ್ಕ ಬರೀ 10 ಡಾಲರ್! 1876ರ ಫೆಬ್ರವರಿ 14ರಂದು ಬೆಲ್ ಅವರ ಅರ್ಜಿ, ಎಲಿಷಾ ಗ್ರೇ ಅವರ ನೋಟೀಸು ಎರಡೂ ಒಂದೇ ದಿನ ಕಚೇರಿ ಸೇರಿದವು. ಮಾರ್ಚ್ 7ರಂದು ಪೇಟೆಂಟ್ ಸಿಕ್ಕಿದ್ದು ಬೆಲ್ ಅವರಿಗೆ.

ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದ ಬೆಲ್ ಅವರ ಸಾಧನೆ ಸಣ್ಣದಲ್ಲ. ಆದರೆ 1889ರಲ್ಲಿ ತೀರಿಕೊಂಡ ಮೆಯುಚ್ಚಿಯವರ ಕೆಲಸವನ್ನು ಅಮೆರಿಕದ ಜನಪ್ರತಿನಿಧಿ ಸಭೆ ನಿರ್ಣಯ ಮಾಡಿ ಗೌರವಿಸಿದ್ದು 2002ರಲ್ಲಿ.

ಮನೆಮಾತು ಒಂದು, ಕಚೇರಿಯ ಭಾಷೆ ಇನ್ನೊಂದು ಆದಾಗಿನ ಪಾಡು ಗಡಿಯಾಚೆಯ ಕನ್ನಡಿಗರಾದ ನಮಗೆ ಗೊತ್ತು. ಪರೀಕ್ಷೆಯಲ್ಲಿ ಮಕ್ಕಳು ಬೆಲ್ ಎಂದೇ ಬರೆಯಲಿ. ತರಗತಿಯಲ್ಲಿ ಮಾತ್ರ ಉಳಿದವರ ಹೆಸರನ್ನೂ ಹೇಳೋಣ.